ವಿದ್ಯುದ್ವಾಹನದ ಬ್ಯಾಟರಿಯ ಧಾರಣಶಕ್ತಿ: ಅದರ ಕ್ಷಯವೂ ಪರೀಕ್ಷೆಯೂ

ಗೋಕಾಕದ ಬಳಿ ಘಟಪ್ರಭೆಯ ಜಲಪಾತದ ಬಲದಿಂದ 1887ರಲ್ಲಿ ನೂಲಿನ ಗಿರಣಿಯು ನಡೆಯತೊಡಗಿತು. ಹರಿಯುವ ನೀರಿನ ಬಲವನ್ನು ಹರಿಯುತ್ತಿರುವಾಗಲೇ ಬಳಸಿಕೊಳ್ಳಬೇಕು. ವಾಹನವಾದರೋ ತನ್ನ ಬಲವನ್ನು ತಾನೇ ಹೊತ್ತು ತಿರುಗಬೇಕಾದುದರಿಂದ, ವಿದ್ಯುಚ್ಛಕ್ತಿಯನ್ನು ರಾಸಾಯನಿಕ ರೂಪದಲ್ಲಿ ಸಂಚಯಿಸುವ ಬ್ಯಾಟರಿಯು ಅದಕ್ಕೆ ಅವಶ್ಯವಾಗಿದೆ. ಈ ಸಂಚಯದ ಶಕ್ತಿಯು ಕಾಲಕ್ರಮದಲ್ಲಿ ಎಷ್ಟು ಕುಗ್ಗಿತೆಂಬುದನ್ನು ಅರಿಯುವ ಬಗೆಯೇ ಪ್ರಕೃತ ವಿಷಯವು.

ವಾಹನದ ಫಲಕದಲ್ಲಿ ಶೇಕಡಾ 100 ಎಂದು ಕಂಡೊಡನೆ ಬ್ಯಾಟರಿಯು ಹೊಸದರಂತೆಯೇ ಇದೆಯೆಂದು ತಿಳಿಯುವುದು ಭ್ರಮೆ. ಕೊಳಗದ ತಳದಲ್ಲಿ ವರ್ಷ ವರ್ಷವೂ ಮಣ್ಣು ಮೆತ್ತಿಕೊಳ್ಳುತ್ತ ಬಂದರೆ, ಕಂಠದವರೆಗೆ ಕಾಳು ಸುರಿದಾಗ ಕೊಳಗವು ತುಂಬಿತೆಂದೇ ಹೇಳಬೇಕು. ಕಾಳು ಮಾತ್ರ ಮೊದಲಿಗಿಂತ ಕಡಮೆ. ಫಲಕವು ಹೇಳುವುದು ತುಂಬಿದ ಪ್ರಮಾಣವನ್ನು. ಪರೀಕ್ಷಕನು ಅರಿಯಬೇಕಾದುದು ಕೊಳಗದ ಅಳತೆಯನ್ನು.

ಈ ಕ್ಷಯವು ಎರಡು ಬಗೆಯದು. ಬಳಸದೆ ಇಟ್ಟರೂ ಕಾಲದಿಂದಾಗುವುದು ಒಂದು. ತುಂಬುವ ಬರಿದು ಮಾಡುವ ಆವರ್ತನಗಳಿಂದಾಗುವುದು ಇನ್ನೊಂದು. ಲಿಥಿಯಂ ಕೋಶದಲ್ಲಿ ಋಣಧ್ರುವದ ಮೇಲೆ ತೆಳುವಾದ ಪದರವೊಂದು ಬೆಳೆಯುತ್ತ, ಸಂಚಾರಕ್ಕೆ ಬೇಕಾದ ಲಿಥಿಯಮ್ಮನ್ನು ಸ್ವಲ್ಪ ಸ್ವಲ್ಪವಾಗಿ ಕಬಳಿಸುತ್ತದೆ. ಉಷ್ಣತೆಯು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಆದುದರಿಂದ ಪೂರ್ಣ ತುಂಬಿದ ವಾಹನವನ್ನು ಬಿಸಿಲಿನಲ್ಲಿ ಬಹುಕಾಲ ನಿಲ್ಲಿಸುವುದು ಹಿತವಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಯು ಹೊಸದಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿ ಕೂಡಿ 48 ವೋಲ್ಟು ಆಗುತ್ತಿದ್ದವು. ಸರಣಿಯಲ್ಲಿ ಅತ್ಯಂತ ದುರ್ಬಲವಾದುದೇ ಎಲ್ಲಕ್ಕೂ ಮಿತಿಯಾಗುವುದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ನೋಡಬೇಕು. ಮುಚ್ಚಳ ತೆಗೆಯಬಹುದಾದ ಸೀಸ-ಆಮ್ಲ ಬ್ಯಾಟರಿಯಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆಯೇ ಸೂಚಕವು; ಪೂರ್ಣ ತುಂಬಿದಾಗ ಅದು ಸುಮಾರು 1.28 ಇದ್ದು, ಬರಿದಾದಂತೆ ಇಳಿಯುತ್ತದೆ. 2013ರಲ್ಲಿ ರೇವಾದ ಸ್ಥಾನಕ್ಕೆ ಬಂದ ಇ2ಓ ಕಾರು ಲಿಥಿಯಂ ಬ್ಯಾಟರಿಯದು. ಲಿಥಿಯಂ ಕೋಶವು ಬಿಗಿಯಾಗಿ ಮುಚ್ಚಿದುದಾದುದರಿಂದ ಆ ಸೂಚಕವು ಇಲ್ಲಿ ಲಭ್ಯವಿಲ್ಲ. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಕೋಶದಲ್ಲಂತೂ ವೋಲ್ಟೇಜು ಬಹುಭಾಗ ಸಮನಾಗಿಯೇ ನಿಲ್ಲುವುದರಿಂದ ಅದನ್ನೂ ನೆಚ್ಚುವಂತಿಲ್ಲ.

ಹೀಗಿರಲು ಉಳಿಯುವ ನಿಶ್ಚಿತ ಮಾರ್ಗವು ಅಳೆಯುವುದೇ. ಬ್ಯಾಟರಿಯನ್ನು ಪೂರ್ಣ ತುಂಬಿ, ವಿಶ್ರಾಂತಿ ಕೊಟ್ಟು, ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿಯತವಾದ ಪ್ರವಾಹದಿಂದ ವಿಹಿತವಾದ ಕನಿಷ್ಠ ವೋಲ್ಟೇಜಿನವರೆಗೆ ಬರಿದು ಮಾಡಬೇಕು. ಪ್ರವಾಹವನ್ನು ಗಂಟೆಗಳಿಂದ ಗುಣಿಸಿದರೆ ಆಂಪಿಯರ್-ಗಂಟೆಗಳು ದೊರೆಯುತ್ತವೆ. ಹೊಸದಿದ್ದಾಗ 100 ಕೊಟ್ಟ ಬ್ಯಾಟರಿಯು ಈಗ 82 ಕೊಟ್ಟರೆ ಅದರ ಆರೋಗ್ಯವು ಶೇಕಡಾ 82 ಎಂದರ್ಥ. ಇದು ಶೇಕಡಾ 70 ಅಥವಾ 80ಕ್ಕಿಂತ ಕೆಳಗಿಳಿದರೆ ಬ್ಯಾಟರಿಯು ವಾಹನಕ್ಕೆ ನಿವೃತ್ತವೆಂದು ಎಣಿಸುವುದು ರೂಢಿ. ಸೂರ್ಯಶಕ್ತಿಯ ಸಂಗ್ರಹವೇ ಮೊದಲಾದ ಲಘುಕಾರ್ಯಕ್ಕೆ ಅದು ಆಮೇಲೂ ಒದಗಬಲ್ಲದು.

ಇಂತಹ ಪ್ರಯೋಗವು ಮನೆಯಲ್ಲಿ ಸಾಧ್ಯವಾಗದು. ಆದರೂ ಫಲಕದ ಶೇಕಡಾ 20ರಿಂದ 100ರವರೆಗೆ ತುಂಬಲು ಎಷ್ಟು ಯೂನಿಟ್ ಬೇಕಾಯಿತೆಂಬುದನ್ನು ಒಂದೇ ಚಾರ್ಜರು, ಒಂದೇ ಋತುಮಾನದಲ್ಲಿ ವರ್ಷಕ್ಕೊಮ್ಮೆ ಬರೆದಿಟ್ಟರೆ ಕ್ಷಯದ ಸ್ಥೂಲವಾದ ಗತಿಯು ತಿಳಿಯುತ್ತದೆ. ಚಾರ್ಜರಿನಲ್ಲಿ ನಷ್ಟವಾಗುವ ಅಂಶವೂ ಈ ಲೆಕ್ಕದಲ್ಲಿ ಸೇರಿರುವುದರಿಂದ, ಸಂಖ್ಯೆಗಿಂತ ಅದರ ಇಳಿತವೇ ಗಮನಾರ್ಹವಾದುದು.

ನಾಗನೂರಿನಂತಹ ಊರಿನಲ್ಲಿ ಬಳಸಿದ ವಾಹನವನ್ನು ಕೊಳ್ಳುವವನಿಗೆ ಈ ವಿಚಾರವು ಹಣದ ಪ್ರಶ್ನೆಯೇ ಆಗಿದೆ. ವಾಹನದ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಬಣ್ಣವನ್ನೂ ಫಲಕವನ್ನೂ ನೋಡಿ ಹಣ ಕೊಟ್ಟವನು ತುಂಬಿದ ಕೊಳಗವನ್ನು ಕಂಡನೇ ಹೊರತು ಅದರ ತಳವನ್ನು ಕಾಣಲಿಲ್ಲ.