ಮುಖ ತೊಳೆದ ಮೇಲೆ ಚರ್ಮ ಬಿಗಿಯುತ್ತಾ? ಸೋಪು ಬದಲಿಸಿ

ಮುಖ ತೊಳೆದ ಕೂಡಲೇ ಚರ್ಮ ಬಿಗಿ ಹಿಡಿದರೆ ಚೆನ್ನಾಗಿ ಸ್ವಚ್ಛವಾಯ್ತು ಅಂತ ಹಲವರು ಅಂದುಕೊಳ್ಳುತ್ತಾರೆ. ಅಸಲಿಗೆ ಅದು ಚರ್ಮದ ಎಣ್ಣೆಯಂಶ ತೊಳೆದು ಹೋದ ಲಕ್ಷಣ. ಒಣ ಚರ್ಮದವರಿಗೆ ಚಳಿಗಾಲದಲ್ಲಿ ಇದರಿಂದಲೇ ಉರಿ, ಬಿರುಕು.

ಚರ್ಮದ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದ್ದು 9ರಿಂದ 10. ಬೋರ್‌ವೆಲ್‌ನ ಗಡಸು ನೀರಾದರೆ ಸೋಪಿನ ಅಂಶ ಚರ್ಮದಲ್ಲೇ ಉಳಿದು ತೊಂದರೆ ಹೆಚ್ಚುತ್ತೆ.

ಫೇಸ್‌ವಾಶ್ ಕೊಳ್ಳುವಾಗ ಬೆಲೆಗಿಂತ ಮೊದಲು ಪ್ಯಾಕಿನ ಹಿಂದಿನ ಪಟ್ಟಿ ಓದಿ:

* ಗ್ಲಿಸರಿನ್, ಸೆರಾಮೈಡ್ ಇದ್ದರೆ ಒಳ್ಳೆಯದು.
* ಸೋಡಿಯಂ ಲಾರಿಲ್ ಸಲ್ಫೇಟ್, ಘಮಘಮ ಪರಿಮಳ ಬೇಡ.
* ನೊರೆ ಕಡಿಮೆ ಬಂದರೂ ಕೊಳೆ ಹೋಗುತ್ತೆ.
* ಮೊದಲು ಚಿಕ್ಕ ಟ್ಯೂಬ್ ಕೊಂಡು ನೋಡಿ.

ಉಗುರುಬೆಚ್ಚಗಿನ ನೀರಲ್ಲಿ ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಒದ್ದೆ ಪೂರ್ತಿ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚಿ. ತುರಿಕೆ, ಬಿರುಕು ನಿಲ್ಲದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.