ಅಪ್ಪನ ಆಟೊ ಕೆಮ್ಮಿತು!

ಡಿಗ್ರಿ ಮುಗಿದು ವರ್ಷವಾದರೂ ಕೆಲಸ ಸಿಗದೆ ಚೆಂಡಿಯಾದ ಮನೆಯಲ್ಲೇ ಇದ್ದೆ. ಅಪ್ಪನಿಗೆ ಲಕ್ವ ಹೊಡೆದಾಗಿನಿಂದ, ಅಂದರೆ 12 ವರ್ಷದಿಂದ, ಅವನ ಬಜಾಜ್ ಆಟೊ ಕೊಟ್ಟಿಗೆಯಲ್ಲೇ ನಿಂತಿತ್ತು. ಚಾಲಕನ ಸೀಟಿನಡಿ ಎಂಜಿನ್ ಇರುವ ಹಳೇ ಮಾದರಿ. ಅಕ್ಕನ ಮದುವೆ ಆದದ್ದು ಅದರ ದುಡಿಮೆಯಲ್ಲೇ. ‘ಗುಜರಿಗೆ ಕೊಡುವಾ’ ಎಂದಳು ಆಯಿ. ಅಪ್ಪ ಮಾತಾಡಲಿಲ್ಲ.

ಒಂದು ಭಾನುವಾರ ಪಾನಾ ಹಿಡಿದು ಕುಳಿತೆ. ಕಡಲಿನ ಉಪ್ಪುಗಾಳಿಗೆ ಅಡಿಯ ತಗಡು ಪುಡಿಪುಡಿ. ಎಂಜಿನ್ ಜಾಮ್. ಸ್ಟಾರ್ಟ್ ಮಾಡುವ ಹಿಡಿಕೆಗೆ ಕೈ ಹಾಕಿದ್ದೇ, ಅಪ್ಪ ಕೋಲೂರಿಕೊಂಡು ಬಂದ. ‘ಎಳೀಬೇಡ್ವೋ, ರಿಂಗು ಮುರೀತದೆ. ಪ್ಲಗ್ ಬಿಚ್ಚಿ ಡೀಸೆಲ್ ಬಿಡು.’

ಮೂರು ದಿನದ ಮೇಲೆ ಗೇರಿಗೆ ಹಾಕಿ ದೂಡಿದರೆ ಪಿಸ್ಟನ್ ಅಲುಗಿತು. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ವಾರ್ನಿಷ್‌ನಂತೆ ನಾರುತ್ತಿತ್ತು. ಕಾರ್ಬ್ಯುರೇಟರಿನ ಸಣ್ಣ ತೂತನ್ನು ಮುಚ್ಚಿದ್ದೂ ಅದರ ಅಂಟೇ. ಕೇಬಲಿನ ಎಳೆಯೊಂದನ್ನು ತೂರಿಸಿ ಬಿಡಿಸಿದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕೆಂದು ನನಗೆ ಗೊತ್ತೇ ಇರಲಿಲ್ಲ. ‘ಡಿಗ್ರಿಯಲ್ಲಿ ಏನು ಕಲಿಸ್ತಾರೆ?’ ಎಂದ ಅಪ್ಪ.

ಹಿಡಿಕೆ ಎಳೆದೂ ಎಳೆದೂ ರಟ್ಟೆ ಸೋತಿತು. ಅಪ್ಪ ಎಡಗೈಯಲ್ಲಿ ಚೋಕ್ ಸರಿಮಾಡಿ, ‘ಈಗ’ ಎಂದ. ಕೆಮ್ಮಿತು! ಕೊಟ್ಟಿಗೆ ತುಂಬ ನೀಲಿ ಹೊಗೆ.

ಕಾಗದಪತ್ರದ ಅವಧಿ ಮುಗಿದಿದೆ, ಹೆದ್ದಾರಿಗೆ ಇಳಿಯುವಂತಿಲ್ಲ. ಅಂಗಳದಲ್ಲೇ ಎರಡು ಸುತ್ತು ಹಾಕಿದೆ. ಹಿಂದಿನ ಸೀಟಿನಲ್ಲಿ ಅಪ್ಪ, ಪಕ್ಕದಲ್ಲಿ ಆಯಿ.