₹499ಕ್ಕೆ 1 ಲಕ್ಷ ಜನರಿಗೆ ಜಾಹೀರಾತು ತಲುಪುತ್ತೆ, ಸರಿ; ಗಿರಾಕಿ ಬರ್ತಾರಾ?

“ಕೇವಲ ₹499ಕ್ಕೆ ನಿಮ್ಮ ವ್ಯಾಪಾರದ ಜಾಹೀರಾತು 1 ಲಕ್ಷ ಜನರಿಗೆ! ಮಾರಾಟ ದುಪ್ಪಟ್ಟು ಗ್ಯಾರಂಟಿ!!” ಇಂಥ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ದಾವಣಗೆರೆಯಲ್ಲಿರುವ ನಮ್ಮ ಚಿಕ್ಕಮ್ಮನಿಗೂ ಬಂದಿತ್ತು. ಅವರು ಮನೆಯಲ್ಲೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಮಾರುತ್ತಾರೆ. ಮೆಸೇಜ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ₹499 ಹೋಗಿ ₹3,000 ಆಯಿತು. ಎರಡು ವಾರದಲ್ಲಿ ಪೋಸ್ಟಿಗೆ 1,400 ಲೈಕ್ ಬಂತು. ಆರ್ಡರ್ ಬಂದಿದ್ದು ಮೂರು, ಅದರಲ್ಲಿ ಒಂದು ನಮ್ಮಮ್ಮನದು. “ಇಷ್ಟೊಂದು ಜನ ಲೈಕ್ ಒತ್ತ್ಯಾರಲ್ಲ, ಫೋನ್ ಮಾಡೋಕೆ ಏನಾಗಿತ್ತು ಇವರಿಗೆ?” ಎಂದು ಚಿಕ್ಕಮ್ಮ ಕೇಳಿದರು.

ಮೋಸವೇ ಇರಬೇಕು ಎಂದುಕೊಂಡು ಜಾಹೀರಾತಿನ ಲೆಕ್ಕ ತೆಗೆದು ನೋಡಿದೆ. ಜಾಹೀರಾತು ಸಾವಿರಾರು ಜನರಿಗೆ ಹೋಗಿದ್ದು ನಿಜವೇ. ಆದರೆ ‘ಗುರಿ’ ಎಂಬಲ್ಲಿ ಲೈಕ್ ಮತ್ತು ಕಾಮೆಂಟ್ ಎಂದು ಆರಿಸಿದ್ದರು. ‘ಸ್ಥಳ’ ಎಂಬಲ್ಲಿ ಇಡೀ ಭಾರತ. ದಾವಣಗೆರೆಯ ಚಟ್ನಿಪುಡಿ ಯಾವ ಊರಿನಲ್ಲೋ ಕೂತವರಿಗೆ ಚೆಂದ ಕಂಡಿದೆ, ಹೆಬ್ಬೆರಳು ಒತ್ತಿ ಮುಂದೆ ಹೋಗಿದ್ದಾರೆ.

ಕೇಳಿದ್ದನ್ನೇ ಕೊಡುವ ಯಂತ್ರ

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುತ್ತದೆ. ನೀವು ಒಂದು ರೀಲ್ಸ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆ ಹರಾಜು ಮುಗಿದಿರುತ್ತದೆ. ಹೆಚ್ಚು ದುಡ್ಡು ಕೂಗಿದವರೇ ಗೆಲ್ಲುತ್ತಾರೆ ಎಂದಿಲ್ಲ. ಎಷ್ಟು ಕೊಡಲು ಸಿದ್ಧರಿದ್ದೀರಿ, ನೋಡುವ ಆ ವ್ಯಕ್ತಿ ನಿಮಗೆ ಬೇಕಾದ ಕೆಲಸ ಮಾಡುವ ಸಾಧ್ಯತೆ ಎಷ್ಟು, ಜಾಹೀರಾತು ಜನರಿಗೆ ಕಿರಿಕಿರಿ ಮಾಡುತ್ತಿದೆಯೋ ಇಲ್ಲವೋ ಎಂಬ ಮೂರೂ ಲೆಕ್ಕಕ್ಕೆ ಬರುತ್ತವೆ.

ಇಲ್ಲಿ ‘ನಿಮಗೆ ಬೇಕಾದ ಕೆಲಸ’ ಎಂಬುದೇ ಮುಖ್ಯ. ಸಿಕ್ಕಿದ್ದಕ್ಕೆಲ್ಲ ಲೈಕ್ ಒತ್ತುವವರು ಯಾರು, ಅಂಗಡಿಗೆ ಮೆಸೇಜ್ ಮಾಡಿ ರೇಟು ಕೇಳುವವರು ಯಾರು ಎಂಬುದರ ಅಂದಾಜು ಕಂಪನಿಯ ಬಳಿ ಇರುತ್ತದೆ. ಲೈಕ್ ಕೇಳಿದರೆ ಮೊದಲ ಗುಂಪನ್ನು ಹುಡುಕಿ ತೋರಿಸುತ್ತದೆ, ಮೆಸೇಜ್ ಕೇಳಿದರೆ ಎರಡನೆಯದನ್ನು. ‘ಬೂಸ್ಟ್’ ಬಟನ್ ಒತ್ತಿದಾಗ ಗುರಿ ಯಾವುದು ಎಂದು ಕೇಳುವ ಪರದೆ ಬರುತ್ತದೆ. ಬಹಳಷ್ಟು ಜನ ಅದನ್ನು ಓದದೆ ದುಡ್ಡು ಕಟ್ಟುವ ಪುಟಕ್ಕೆ ಹೋಗಿಬಿಡುತ್ತಾರೆ. ಸಣ್ಣ ವ್ಯಾಪಾರಕ್ಕೆ ಸಾಮಾನ್ಯವಾಗಿ ಒಗ್ಗುವುದು ವಾಟ್ಸಾಪ್ ಮೆಸೇಜ್ ಅಥವಾ ಫೋನ್ ಕರೆ.

ಇನ್ನು ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳುವುದು ಬೇರೆಯೇ ಕಥೆ. ಅವು ಹೆಚ್ಚಾಗಿ ನಕಲಿ ಖಾತೆಗಳು, ನಿಯಮಕ್ಕೂ ವಿರುದ್ಧ. ನಕಲಿ ಖಾತೆ ಚಟ್ನಿಪುಡಿ ತಿನ್ನುವುದಿಲ್ಲ.

ದುಡ್ಡು ಹಾಕುವ ಮೊದಲು ಪುಕ್ಕಟೆ ಸಿಗುವುದು

ರೀಲ್ಸ್ ನೋಡುತ್ತಾ ಮಲಗಿದವರಿಗೆ ಆ ಕ್ಷಣ ಏನೂ ಬೇಕಾಗಿರುವುದಿಲ್ಲ. “ಹತ್ತಿರದ ಟೈಲರ್” ಎಂದು ಗೂಗಲ್‌ನಲ್ಲಿ ಹುಡುಕುವವರ ಕೈಯಲ್ಲಿ ಬ್ಲೌಸ್ ಪೀಸ್ ಇರುತ್ತದೆ. ಹಾಗಾಗಿ ಟೈಲರ್, ಮಿಕ್ಸಿ ರಿಪೇರಿ, ಪಂಕ್ಚರ್ ಅಂಗಡಿ, ಟ್ಯೂಷನ್ ಇಂಥವರು ಹುಡುಕಿದಾಗ ಸಿಗುವಂತಿರುವುದು ಮೊದಲ ಕೆಲಸ. ಅದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಇದೆ, ಒಂದು ರೂಪಾಯಿಯೂ ಬೇಡ. ಹೆಸರು, ಫೋನ್ ನಂಬರ್, ಬಾಗಿಲು ತೆರೆಯುವ ಹೊತ್ತು, ನಾಲ್ಕು ಒಳ್ಳೆಯ ಫೋಟೊ ಹಾಕಿ, ವ್ಯಾಪಾರ ನಿಮ್ಮದೇ ಎಂದು ದೃಢಪಡಿಸಬೇಕು.

ಮನೆಯಿಂದ ವ್ಯಾಪಾರ ಮಾಡುವ ಹೆಣ್ಣುಮಕ್ಕಳು ವಿಳಾಸ ಎಲ್ಲರಿಗೂ ಕಾಣುತ್ತದೆ ಎಂದು ಹಿಂಜರಿಯುತ್ತಾರೆ. ಗಿರಾಕಿಗಳಿದ್ದಲ್ಲಿಗೆ ನೀವೇ ತಲುಪಿಸುವುದಾದರೆ ವಿಳಾಸ ಮರೆಮಾಡಿ, ಯಾವ ಯಾವ ಪ್ರದೇಶಕ್ಕೆ ತಲುಪಿಸುತ್ತೀರಿ ಎಂದಷ್ಟೇ ತೋರಿಸಬಹುದು. ಪೂರ್ತಿ ಆನ್‌ಲೈನ್‌ನಲ್ಲೇ ನಡೆಯುವ ವ್ಯಾಪಾರಕ್ಕೆ ಮಾತ್ರ ಈ ಸೌಲಭ್ಯ ಇಲ್ಲ.

ಹಾಗಾದರೆ ಎಷ್ಟು ಹಾಕಬೇಕು?

ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ನಿಮ್ಮ ಲಾಭದ ಲೆಕ್ಕ ಮೊದಲು ಬೇಕು. ಒಂದು ಉದಾಹರಣೆ ನೋಡೋಣ. ದಿನಕ್ಕೆ ₹150ರಂತೆ 10 ದಿನ ಜಾಹೀರಾತು ಹಾಕಿದರೆ ₹1,500. ಅದರ ಮೇಲೆ 18% ಜಿಎಸ್‌ಟಿ, ಅಂದರೆ ₹270. ಒಟ್ಟು ₹1,770. (ಫಾರ್ವರ್ಡ್‌ಗಳಲ್ಲಿ ಜಿಎಸ್‌ಟಿ ಮಾತೇ ಇರುವುದಿಲ್ಲ ನೋಡಿ.) 60 ಜನ ಮೆಸೇಜ್ ಮಾಡಿ, ಅವರಲ್ಲಿ 15 ಜನ ಕೊಂಡರು ಎನ್ನೋಣ. ಒಬ್ಬ ಗಿರಾಕಿಯನ್ನು ಕರೆತರಲು ₹118 ಖರ್ಚಾಯಿತು. ಒಂದು ಪೊಟ್ಟಣದಲ್ಲಿ ಉಳಿಯುವುದು ₹40 ಆದರೆ, ಮೊದಲ ಮಾರಾಟದಲ್ಲಿ ₹78 ಕೈಬಿಟ್ಟಿತು. ಅದೇ ಗಿರಾಕಿ ಒಟ್ಟು ಮೂರು ಪೊಟ್ಟಣ ಕೊಂಡಾಗ ಅಸಲು ಹುಟ್ಟುತ್ತದೆ.

ಅಂದರೆ ರುಚಿ ಹತ್ತಿ ತಿರುಗಿ ಬರುವ ಗಿರಾಕಿ ಇದ್ದರೆ ಇದು ಲಾಭದ ಬಾಬತ್ತು. ಒಮ್ಮೆ ಮಾತ್ರ ಕೊಳ್ಳುವ, ಕಡಿಮೆ ಲಾಭದ ವಸ್ತುವಿಗೆ ನಷ್ಟ. ಒಂದೇ ಮದುವೆ ಆರ್ಡರ್‌ನಲ್ಲಿ ಸಾವಿರಾರು ರೂಪಾಯಿ ಉಳಿಯುವ ಮೇಕಪ್‌ನವರಿಗೆ ₹118 ಏನೇನೂ ಅಲ್ಲ. ಒಬ್ಬರಿಗೆ ಬಂದ ಲಾಭದ ಸ್ಕ್ರೀನ್‌ಶಾಟ್ ನೋಡಿ ಇನ್ನೊಬ್ಬರು ದುಡ್ಡು ಸುರಿಯಬಾರದು ಎನ್ನುವುದು ಇದಕ್ಕೇ. ಜಿಎಸ್‌ಟಿ ನೋಂದಣಿ ಇರುವವರು ಜಾಹೀರಾತು ಖಾತೆಯಲ್ಲಿ ನಂಬರ್ ನಮೂದಿಸಿದರೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಬಹುದು. ಕಾಂಪೊಸಿಷನ್ ಸ್ಕೀಮ್‌ನವರಿಗೆ ಆ ಅವಕಾಶ ಇಲ್ಲ.

ಹಾಕಿದ ಮರುದಿನವೇ ಫೋಟೊ ಬದಲಿಸಿ, ಸಂಜೆ ಊರು ಬದಲಿಸಿ ಎಂದು ಕೈಯಾಡಿಸಬೇಡಿ. ಯಾರಿಗೆ ತೋರಿಸಬೇಕೆಂದು ಕಲಿಯಲು ಫೇಸ್‌ಬುಕ್‌ನ ವ್ಯವಸ್ಥೆಗೆ ವಾರಕ್ಕೆ ಸುಮಾರು 50 ಫಲಿತಾಂಶ ಬೇಕಾಗುತ್ತದೆ. ದೊಡ್ಡ ಬದಲಾವಣೆ ಮಾಡಿದರೆ ಕಲಿಕೆ ಮತ್ತೆ ಮೊದಲಿನಿಂದ. ಕಡಿಮೆ ದುಡ್ಡಿನಲ್ಲಿ ವಾರಕ್ಕೆ 50 ಮಾರಾಟ ಕಷ್ಟ, 50 ಮೆಸೇಜ್ ಆಗಬಹುದು.

ಸ್ಥಳದ ಬಗ್ಗೆ ಒಂದು ಮಾತು. ಫೇಸ್‌ಬುಕ್‌ನಲ್ಲಿ ನಕ್ಷೆಯ ಮೇಲೆ ಗುರುತು ಹಾಕಿ, ಸುತ್ತ ಇಷ್ಟು ಕಿಲೋಮೀಟರ್ ಎಂದು ಹೇಳಬಹುದು. ಗೂಗಲ್ ಜಾಹೀರಾತಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನೀವು ದಾವಣಗೆರೆ ಎಂದು ಆರಿಸಿದರೂ, ಊರಿನಲ್ಲಿ ಇರುವವರ ಜೊತೆಗೆ ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ತೋರಿಸುವ ಆಯ್ಕೆ ತಾನಾಗಿಯೇ ಆನ್ ಆಗಿರುತ್ತದೆ. ಮುಂಬೈಯಲ್ಲಿ ಕೂತು ದಾವಣಗೆರೆ ಎಂದು ಹುಡುಕಿದವರಿಗೂ ನಿಮ್ಮ ದುಡ್ಡಲ್ಲಿ ಜಾಹೀರಾತು ಹೋಗಬಹುದು. ಲಾಡ್ಜ್‌ಗೆ ಅದು ಬೇಕು, ಸಲೂನ್‌ಗೆ ಬೇಡ.

“ಶುಗರ್‌ಗೆ ರಾಮಬಾಣ” ಎಂದು ಬರೆಯಬಹುದೇ?

ಚಿಕ್ಕಮ್ಮನ ಜಾಹೀರಾತಿನಲ್ಲಿ ನನಗೆ ನಿಜಕ್ಕೂ ಗಾಬರಿಯಾಗಿದ್ದು ಈ ಸಾಲು ನೋಡಿ. ಮಾಡಿಕೊಟ್ಟವರು ತಾವೇ ಸೇರಿಸಿದ್ದರು. ಬರೆಯುವಂತಿಲ್ಲ. ಆಹಾರ ಪದಾರ್ಥ ರೋಗ ಗುಣಪಡಿಸುತ್ತದೆ ಎಂದು ಜಾಹೀರಾತು ಕೊಡಲು ನಿಯಮಗಳು ಬಿಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ ₹50 ಲಕ್ಷದವರೆಗೆ. ಅದಕ್ಕಿಂತ ಹೆಚ್ಚಾಗಿ, ಯಾರೋ ಮಾತ್ರೆ ಬಿಟ್ಟು ಪುಡಿ ತಿನ್ನಲು ಶುರುಮಾಡಿದರೆ? ಆ ಸಾಲನ್ನು ಅಂದೇ ತೆಗೆಸಿದೆವು.

ಹೀಗೆ ಕರೆ ಬಂದರೆ

ವ್ಯಾಪಾರದ ನಂಬರ್ ಇಂಟರ್ನೆಟ್‌ನಲ್ಲಿ ಬಂದ ಮೇಲೆ ಬೇರೆ ಕರೆಗಳೂ ಶುರುವಾಗುತ್ತವೆ. “ಗೂಗಲ್‌ನಿಂದ ಮಾತಾಡ್ತಿದ್ದೀವಿ, ದುಡ್ಡು ಕಟ್ಟದಿದ್ದರೆ ನಿಮ್ಮ ಲಿಸ್ಟಿಂಗ್ ತೆಗೆದುಹಾಕ್ತೀವಿ” ಎಂದರೆ ಸುಳ್ಳು. ಬಿಸಿನೆಸ್ ಪ್ರೊಫೈಲ್‌ಗೆ ಶುಲ್ಕವೇ ಇಲ್ಲ. “ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಬಂದ್ ಆಗುತ್ತೆ, ಈ ಲಿಂಕ್ ಒತ್ತಿ” ಎಂಬ ಮೆಸೇಜ್ ಸಾಮಾನ್ಯವಾಗಿ ಪಾಸ್‌ವರ್ಡ್ ಕದಿಯಲು ಹಾಕಿದ ಗಾಳ. ಲಿಂಕ್ ಒತ್ತದೆ, ನೇರವಾಗಿ ಆ್ಯಪ್ ತೆರೆದು ನೋಟಿಸ್ ಇದೆಯೇ ನೋಡಿ. ಜಾಹೀರಾತು ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಂಡರೂ ಪಾಸ್‌ವರ್ಡ್, ಓಟಿಪಿ ಕೊಡಬೇಕಿಲ್ಲ. ಅವರ ಖಾತೆಗೆ ಬೇಕಾದಷ್ಟೇ ಅನುಮತಿ ಕೊಟ್ಟು, ಬೇಡವಾದಾಗ ತೆಗೆಯಬಹುದು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಜಾಹೀರಾತು ಹೇಗೆ ಬರೆಯಬೇಕು ಎಂದು ಗೊತ್ತಾಗದಿದ್ದರೆ ಫೇಸ್‌ಬುಕ್‌ನ ಆ್ಯಡ್ ಲೈಬ್ರರಿಗೆ ಹೋಗಿ. ಅದು ಎಲ್ಲರಿಗೂ ತೆರೆದಿದೆ. ನಿಮ್ಮಂಥದ್ದೇ ವ್ಯಾಪಾರದವರು ಈಗ ಏನು ಹಾಕಿದ್ದಾರೆ, ಎಂದಿನಿಂದ ಹಾಕಿದ್ದಾರೆ ಎಂದು ಅಲ್ಲಿ ಕಾಣುತ್ತದೆ.

ಚಿಕ್ಕಮ್ಮ ಈಗ ಊರಿನ ಸುತ್ತಮುತ್ತಲಿಗಷ್ಟೇ, ಮೆಸೇಜ್ ಗುರಿ ಇಟ್ಟು, ದಿನಕ್ಕೆ ₹150ರ ಜಾಹೀರಾತು ಹಾಕಿದ್ದಾರೆ. ಫೋನ್ ಮಾಡಿದವರಿಗೆಲ್ಲ “ನಮ್ಮದು ಎಲ್ಲಿ ನೋಡಿದ್ರಿ?” ಎಂದು ಕೇಳಿ, ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಗೆರೆ ಎಳೆಯುತ್ತಾರೆ. ಮೊನ್ನೆ ನೋಡಿದಾಗ ಫೇಸ್‌ಬುಕ್ ಕೆಳಗೆ ಹನ್ನೊಂದು ಗೆರೆ, ಗೂಗಲ್ ಕೆಳಗೆ ಆರು, ‘ಪಕ್ಕದ ಮನೆಯವರು ಹೇಳಿದ್ರು’ ಎಂಬುದರ ಕೆಳಗೆ ಇಪ್ಪತ್ತಮೂರು ಇದ್ದವು.